ಸೋಪು ಹೆಚ್ಚೋದಾ, ಕೊಯ್ಯೋದಾ?

ತುಂಡು ಮಾಡೋ ಕೆಲಸಕ್ಕೆ ಕನ್ನಡದಲ್ಲಿ ಪದಗಳಿಗೇನು ಬರವಿಲ್ಲ. ತರಕಾರಿ ಹೆಚ್ಚುತ್ತೇವೆ. ಬಟ್ಟೆ ಕತ್ತರಿಸುತ್ತೇವೆ. ಸೌದೆ ಸೀಳುತ್ತೇವೆ, ಕಬ್ಬು ಕಡಿಯುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ, ರೊಟ್ಟಿ ಮುರಿಯುತ್ತೇವೆ. ಒಂದೊಂದು ಪದದ ಹಿಂದೆಯೂ ಒಂದೊಂದು ಆಯುಧ ತಾನಾಗಿ ಬಂದು ನಿಲ್ಲುತ್ತದೆ. ಹೆಚ್ಚೋದು ಅಂದರೆ ಈಳಿಗೆ ಮಣೆ, ಸೀಳೋದು ಅಂದರೆ ಕೊಡಲಿ, ಕಡಿಯೋದು ಅಂದರೆ ಮಚ್ಚು. ಆದರೆ ಮನೆಯಲ್ಲಿ ಮಾಡಿದ ಸೋಪಿನ ಗಟ್ಟಿಯನ್ನು ಏನು ಮಾಡುತ್ತೇವೆ? ಹಿರಿಯರು ಇದಕ್ಕೊಂದು ಪದ ಇಟ್ಟು ಹೋಗಿದ್ದರೆ ನನಗೆ ಇಷ್ಟೆಲ್ಲ ಪಾಡು ಬರುತ್ತಿರಲಿಲ್ಲ.

ಶುರುವಾಗಿದ್ದು ಎಣ್ಣೆಯಿಂದ. ನನ್ನ ಹೆಂಡತಿಯ ತವರು ತಿಪಟೂರಿನ ಕಡೆ. ಆ ವರ್ಷ ಭಾವಮೈದ ಕೊಬ್ಬರಿ ಗಾಣಕ್ಕೆ ಹಾಕಿಸಿ, ಒಂದು ದೊಡ್ಡ ಟಿನ್ ಎಣ್ಣೆ ತಂದು ತುಮಕೂರಿನ ನಮ್ಮ ಮನೆಯಲ್ಲಿ ಇಳಿಸಿ ಹೋದ. ನಮ್ಮ ಮನೆಯಲ್ಲಿ ಇರೋದು ನಾಲ್ಕು ತಲೆ. ಅದರಲ್ಲಿ ಒಂದರ ಮೇಲೆ ಎಣ್ಣೆ ಹಚ್ಚುವುದಕ್ಕೆ ಕೂದಲೇ ಇಲ್ಲ. ಆ ತಲೆಗೇ ಸೋಪಿನ ಯೋಚನೆ ಹೊಳೆದಿದ್ದು.

‘ನೂರು ವರ್ಷದ ಹಿಂದೆಯೇ ನಾಲ್ವಡಿ ಮಹಾರಾಜರು ಬೆಂಗಳೂರಿನಲ್ಲಿ ಸೋಪ್ ಫ್ಯಾಕ್ಟರಿ ಹಾಕಿಸಿಕೊಟ್ಟಿದ್ದಾರೆ. ಈಗ ನಿಮಗ್ಯಾಕ್ರೀ ಇದು?’ ಎಂದಳು ಹೆಂಡತಿ. ಮೈಸೂರು ಸ್ಯಾಂಡಲ್ ಬಿಟ್ಟು ಬೇರೆ ಸೋಪು ಮುಟ್ಟದವಳು. ಅವಳ ಮಾತಿನಲ್ಲಿ ಇತಿಹಾಸವೂ ಇತ್ತು, ಎಚ್ಚರಿಕೆಯೂ ಇತ್ತು. ನಾನು ಇತಿಹಾಸ ಮಾತ್ರ ಕೇಳಿಸಿಕೊಂಡೆ.

ಸೋಪು ಮಾಡೋದೇನೂ ಬ್ರಹ್ಮವಿದ್ಯೆ ಅಲ್ಲ. ಒಂದು ಕೇಜಿ ತೆಂಗಿನೆಣ್ಣೆ, ಸುಮಾರು 146 ಗ್ರಾಂ ಕಾಸ್ಟಿಕ್ ಸೋಡಾ, 300 ಗ್ರಾಂ ನೀರು. ಬರೀ ತೆಂಗಿನೆಣ್ಣೆಯ ಸೋಪು ಮೈಯನ್ನು ಬಿರುಕು ಬಿಡುವಷ್ಟು ಒಣಗಿಸುತ್ತದೆ. ಅದಕ್ಕೇ ಐದರಲ್ಲಿ ಒಂದು ಪಾಲು ಎಣ್ಣೆ ಸೋಪಾಗದೆ ಎಣ್ಣೆಯಾಗಿಯೇ ಉಳಿಯಲಿ ಅಂತ ಸೋಡಾ ಕಡಿಮೆ ಹಾಕುತ್ತಾರೆ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಅದರ ಹತ್ತಿರ ಸುಳಿಯಬಾರದು. ಗ್ಲೌಸು, ಕನ್ನಡಕ, ಮಾಸ್ಕು ಎಲ್ಲ ಏರಿಸಿಕೊಂಡು ನಾನು ಬಾಲ್ಕನಿಗೆ ಹೊರಟಾಗ ಅಮ್ಮ ಗಾಬರಿಯಿಂದ ಕೇಳಿದಳು: ‘ಮತ್ತೆ ಬಂತೇನೋ ಕೊರೋನಾ?’

ಎಣ್ಣೆ, ಸೋಡಾ ನೀರು ಎರಡೂ ಸೇರಿ ದೋಸೆ ಹಿಟ್ಟಿನ ಹದಕ್ಕೆ ಬಂತು. ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟಿದ್ದ ಡ್ರೈಫ್ರೂಟ್ಸ್ ಡಬ್ಬಕ್ಕೆ ಬಟರ್ ಪೇಪರ್ ಹಾಸಿ ಸುರಿದೆ. ಹತ್ತು ಇಂಚು ಉದ್ದ, ಮೂರು ಇಂಚು ಅಗಲ, ಮೂರು ಇಂಚು ಎತ್ತರ. ಇಂಚಿಗೊಂದು ಸೋಪು ಅಂದರೂ ಹತ್ತು ಸೋಪು. ಲೆಕ್ಕ ಎಷ್ಟು ಚೆನ್ನಾಗಿತ್ತು ಅಂದರೆ, ಕತ್ತರಿಸುವುದೂ ಒಂದು ಕೆಲಸ ಅನ್ನೋದೇ ತಲೆಗೆ ಬರಲಿಲ್ಲ.

24ರಿಂದ 48 ಗಂಟೆ ಬಿಟ್ಟು ಕತ್ತರಿಸಿ ಅಂತ ಎಲ್ಲೆಲ್ಲೂ ಹೇಳುತ್ತಿದ್ದರು. ನಾನು ಎಲ್ಲದರಲ್ಲೂ ಒಂದು ಕೈ ಮೇಲೆ. ಪೂರ್ತಿ 48 ಗಂಟೆ ಬಿಟ್ಟೆ.

ಮೂರನೇ ದಿನ ರಾತ್ರಿ ಡಬ್ಬ ಹರಿದು ಗಟ್ಟಿಯನ್ನು ಹೊರತೆಗೆದೆ. ಹಾಲಿನಂತೆ ಬೆಳ್ಳಗೆ, ಅಮೃತಶಿಲೆಯ ಹಾಗೆ ಹೊಳೆಯುತ್ತಿತ್ತು. ಬೆರಳಲ್ಲಿ ತಟ್ಟಿದರೆ ಸದ್ದೂ ಅಮೃತಶಿಲೆಯದೇ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಮಗಳ ಸ್ಕೇಲಿನಿಂದ ಇಂಚಿಗೊಂದು ಗೆರೆ ಎಳೆದೆ. ಹೆಂಡತಿಯ ತರಕಾರಿ ಚಾಕು ಮೊದಲ ಗೆರೆಯ ಮೇಲಿಟ್ಟು ಒತ್ತಿದೆ. ಅರ್ಧ ಇಂಚು ಇಳಿದು ನಿಂತಿತು. ಇನ್ನೂ ಒತ್ತಿದೆ. ಮೇಜು ಜರುಗಿತು, ಚಾಕು ಜರುಗಲಿಲ್ಲ. ಕುಟ್ಟಾಣಿ ತಂದು ಚಾಕುವಿನ ಬೆನ್ನ ಮೇಲೆ ಎರಡು ಏಟು ಹಾಕಿದೆ. ಇನ್ನೊಂದು ಅರ್ಧ ಇಂಚು ಇಳಿಯಿತು. ಆಮೇಲೆ ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ. ರಾತ್ರಿ ಹನ್ನೊಂದಾಗಿತ್ತು. ಬೆಳಿಗ್ಗೆ ನೋಡಿದರಾಯಿತು ಅಂತ ಮಲಗಿಬಿಟ್ಟೆ.

ಬೆಳಿಗ್ಗೆ ಅಡುಗೆಮನೆಯಿಂದ ಕೂಗು. ‘ರೀ, ಚಾಕು ಎಲ್ಲಿ?’

‘ಸೋಪಿನಲ್ಲಿದೆ.’

ಸ್ವಲ್ಪ ಹೊತ್ತು ಸದ್ದೇ ಇಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಈ ಥರದ ಉತ್ತರಕ್ಕೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಅವತ್ತು ಈರುಳ್ಳಿ ಹಾಕದ ಉಪ್ಪಿಟ್ಟು ತಿಂದೆವು.

ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಅವಳ ಈಳಿಗೆ ಮಣೆ ಎಳೆದುಕೊಂಡೆ. ಅವಳ ಮದುವೆಯಲ್ಲಿ ತವರಿನಿಂದ ಬಂದದ್ದು. ಕುಂಬಳಕಾಯಿ, ಸುವರ್ಣಗೆಡ್ಡೆ, ಎಳೆ ಹಲಸಿನಕಾಯಿ, ಯಾವುದಕ್ಕೂ ತಲೆಬಾಗಿದ ಅಲಗಲ್ಲ. ಮಣೆ ಮೇಲೆ ಕೂತು ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ಚಾಕು ಸಮೇತ, ಅಲಗಿಗೆ ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ‘ಟಪ್’ ಅಂತ ಒಂದು ಸದ್ದು. ಒಂದು ಚೂರು ಫ್ರಿಜ್ಜಿನ ಕೆಳಗೆ, ಒಂದು ದೇವರ ಮನೆಯ ಹೊಸ್ತಿಲಿಗೆ, ಮಿಕ್ಕಿದ್ದು ನನ್ನ ಮಡಿಲಿಗೆ. ಚಾಕುವಿಗೆ ಬಿಡುಗಡೆ ಸಿಕ್ಕಿತು. ಗುಡಿಸಿ ಎಣಿಸಿದೆ: 37 ತುಂಡು. ಸೋಪನ್ನು ಹೆಚ್ಚಲಿಲ್ಲ, ಕೊಯ್ಯಲಿಲ್ಲ. ತೆಂಗಿನಕಾಯಿಯ ಮಗಳು ತೆಂಗಿನಕಾಯಿಯ ಹಾಗೇ ಒಡೆದಳು.

ಈಳಿಗೆ ಮಣೆಯನ್ನು ಮೂರು ಸಲ ತೊಳೆದಿಟ್ಟೆ. ಆದರೂ ಮಾರನೇ ದಿನದ ಪಡುವಲಕಾಯಿ ಪಲ್ಯದಲ್ಲಿ ಏನೋ ಒಂದು ಜಾರುವ ಗುಣ ಇತ್ತು. ಅಮ್ಮ ಒಂದು ತುತ್ತು ಬಾಯಿಗಿಟ್ಟವಳು ನನ್ನನ್ನೇ ನೋಡುತ್ತಾ ನುಂಗಿದಳು.

ತಪ್ಪು ನನ್ನದಲ್ಲ, ಆಯುಧದ್ದು ಅಂತ ತೀರ್ಮಾನ ಮಾಡಿದೆ. ಕೆಲಸ ಕೆಟ್ಟಾಗ ಗಂಡಸರು ಮೊದಲು ಹೋಗುವುದು ಹಾರ್ಡ್‌ವೇರ್ ಅಂಗಡಿಗೆ. ಒಂದು ವಾರ ಬೇರೆ ಕೆಲಸವೇ ಮಾಡದೆ ಸೋಪು ಕತ್ತರಿಸುವ ಸಾಧನಗಳನ್ನು ನೋಡಿದೆ. ಫಿಂಗರ್ ಚಿಪ್ಸಿಗೆ ಬರುತ್ತದಲ್ಲ, ಅಲೆ ಅಲೆಯಾಗಿರೋ ಚಾಕು, ಅದು ಚೆಂದ. ಆದರೆ ನೇರವಾಗಿ ಇಳಿಸುವುದಕ್ಕೆ ಶಸ್ತ್ರವೈದ್ಯರ ಕೈ ಬೇಕು. ಒಂದೇ ಏಟಿಗೆ ಹತ್ತು ಸೋಪು ಬೀಳಿಸುವ ತಂತಿಗಳ ಚೌಕಟ್ಟೂ ಇದೆ. ಅದರ ಬೆಲೆಗೆ ಐದು ವರ್ಷದ ಸೋಪು ಬರುತ್ತದೆ ಅಂತ ಲೆಕ್ಕ ಹಾಕಿದವನು ನಾನಲ್ಲ.

ಕೊನೆಗೆ ಬಡಗಿಯ ಹತ್ತಿರ ಹೋದೆ. ಮೂರು ಕಡೆ ಹಲಗೆ, ಪಕ್ಕದ ಹಲಗೆಗಳಲ್ಲಿ ಗರಗಸ ಇಳಿಯೋ ಸೀಳು. ಚೌಕಟ್ಟಿನ ಪಟ್ಟಿ ಕೊಯ್ಯುವುದಕ್ಕೆ ಅವರೇ ಇಟ್ಟುಕೊಂಡಿರುತ್ತಾರಲ್ಲ, ಅದೇ ಥರದ್ದು. ಅಳತೆ ಬರೆದುಕೊಂಡ ಮೇಲೆ ಕೇಳಿದ, ‘ಏನು ಸಾರ್ ಕೊಯ್ಯೋದು?’

‘ಸೋಪು.’

ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ. ‘ಅಂಗಡೀಲಿ ಕೊಯ್ದಿರೋದೇ ಸಿಗುತ್ತಲ್ಲ ಸಾರ್?’

ಎರಡನೇ ಸಲ ಬರೀ ಒಂದು ದಿನ ಬಿಟ್ಟೆ. ಮೇಲೆ ಒಂದಿಷ್ಟು ಗುಲಾಬಿ ದಳ ಬೇರೆ ಉದುರಿಸಿದ್ದೆ, ಚೆಂದಕ್ಕೆ. ಬಡಗಿಯ ಪೆಟ್ಟಿಗೆಯಲ್ಲಿಟ್ಟು ಹ್ಯಾಕ್ಸಾದಲ್ಲಿ ಕೊಯ್ದೆ. ಒಪ್ಪಬೇಕಾದ್ದೇ, ನೇರವಾಗಿ ಬಂತು. ಆದರೆ ಕಬ್ಬಿಣ ಕೊಯ್ಯುವ ಹಲ್ಲು ಸೋಪಿನ ಮೇಲೆ ಓಡಾಡಿದರೆ ಏನಾಗಬೇಕೋ ಅದೇ ಆಯಿತು. ಮೈಯೆಲ್ಲ ಗೀರು, ಕೆಳಗಿನ ಮೂಲೆಗಳು ಮುಕ್ಕು, ಸುತ್ತ ಒಂದು ಪಾವು ಪುಡಿ. ಹಲ್ಲಿಗೆ ಸಿಕ್ಕಿದ ಗುಲಾಬಿ ದಳ ಮೇಲಿನಿಂದ ಬುಡದವರೆಗೂ ಗೆರೆ ಎಳೆದುಕೊಂಡು ಹೋಗಿತ್ತು. ಹೂವು ಗೀವು ಹಾಕಿದರೆ ಗಟ್ಟಿಯನ್ನು ಮಗ್ಗುಲಿಗೆ ಮಲಗಿಸಿ ಕೊಯ್ಯಬೇಕಂತೆ. ಗೊತ್ತಾಗಿದ್ದು ಆಮೇಲೆ. ಎರಡೇ ದಿನದಲ್ಲಿ ಆ ದಳಗಳು ಸೋಸಿ ಬಿಸಾಡಿದ ಟೀ ಸೊಪ್ಪಿನ ಬಣ್ಣಕ್ಕೆ ತಿರುಗಿದವು. ‘ಅಪ್ಪ, ಇದರಲ್ಲಿ ಇರುವೆ ಸತ್ತಿದೆಯಾ?’ ಎಂದಳು ಮಗಳು.

ಅಷ್ಟು ಹೊತ್ತಿಗೆ ಗೌರಿ ಹಬ್ಬ ಹತ್ತಿರ ಬಂತು. ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮ ಮೊಮ್ಮಗಳಿಗೆ ಕೊಬ್ಬರಿ ಮಿಠಾಯಿ ಕಲಿಸುತ್ತಿದ್ದಳು. ನಾನು ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅಮ್ಮನ ಧ್ವನಿ ಕೇಳಿಸಿತು: ‘ಬೆಚ್ಚಗಿರುವಾಗಲೇ ಗೆರೆ ಎಳೆದುಬಿಡ್ಬೇಕು ಕಣೇ. ಆರಲಿ ಅಂತ ಬಿಟ್ಟು ಟಿವಿ ಮುಂದೆ ಕೂತರೆ ಆಮೇಲೆ ನಿಮ್ಮಪ್ಪನ ಹಾಗೆ ಕುಟ್ಟಾಣಿ ಹುಡುಕಬೇಕಾಗುತ್ತೆ.’

ನಾನು ಪೇಪರ್ ಮಡಚಿಟ್ಟೆ.

ವಿಷಯ ಇಷ್ಟೇ. 48 ಗಂಟೆಯ ಮಾತು ನಾಲ್ಕಾರು ಎಣ್ಣೆ ಬೆರೆಸಿದ ಸೋಪಿಗೆ. ಆಲಿವ್, ಹರಳೆಣ್ಣೆ ಎಲ್ಲ ಸೇರಿದರೆ ಗಟ್ಟಿಯಾಗೋದು ನಿಧಾನ. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಸಿಡ್. ನೊರೆ ಚೆನ್ನಾಗಿ ಬರೋದು ಅದರಿಂದಲೇ, ಸೋಪು ಬೇಗ ಕಲ್ಲಾಗಿ ಪಟಪಟ ಮುರಿಯೋದೂ ಅದರಿಂದಲೇ. ಬರೀ ತೆಂಗಿನೆಣ್ಣೆ ಆದರೆ ಕೆಲವೇ ಗಂಟೆಗಳಲ್ಲಿ, ಮೈ ಇನ್ನೂ ಬೆಚ್ಚಗಿರುವಾಗಲೇ ಕೊಯ್ದು ಮುಗಿಸಬೇಕು. ಇದನ್ನು ನಾನೇ ಕಂಡುಹಿಡಿದವನ ಹಾಗೆ ಊಟದ ಹೊತ್ತಿಗೆ ಎಲ್ಲರಿಗೂ ವಿವರಿಸಿದೆ. ಅಮ್ಮ ನನ್ನ ಎಲೆಗೆ ಇನ್ನೊಂದು ಮಿಠಾಯಿ ಹಾಕಿದಳು. ಸರಿಯಾದ ಚೌಕ, ನಾಲ್ಕೂ ಮೂಲೆ ಚೂಪು.

ಚಾಕುವಿನ ಜಾತಕವೂ ಅರ್ಥವಾಗಿತ್ತು. ಚಾಕುವಿನ ಬೆನ್ನು ದಪ್ಪ. ಒಳಗೆ ಇಳಿದಷ್ಟೂ ಎರಡೂ ಪಕ್ಕವನ್ನು ದೂಡುತ್ತಾ ಹೋಗುತ್ತದೆ, ಸೌದೆಗೆ ಹೊಡೆದ ಬೆಣೆಯ ಹಾಗೆ. ದೂಡಿದರೆ ಸೋಪು ಬಿರಿಯದೆ ಇನ್ನೇನು ಮಾಡುತ್ತದೆ? ತಂತಿಗೆ ಬೆನ್ನೇ ಇಲ್ಲ. ಕುಂಬಾರರು ತಿಗರಿಯಿಂದ ಹಸಿ ಮಡಕೆ ಬಿಡಿಸೋದು ದಾರದಲ್ಲಿ ತಾನೇ? ಚಿಕ್ಕಂದಿನಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ ಬಟ್ಟೆ ಒಗೆಯೋ ಉದ್ದನೆಯ ಬಾರ್ ಸೋಪನ್ನು ದಾರದಲ್ಲೇ ತುಂಡು ಮಾಡಿ ಕೊಡುತ್ತಿದ್ದರು. ನಲವತ್ತು ವರ್ಷ ಎಲ್ಲಿ ಅಡಗಿತ್ತೋ ಈ ನೆನಪು!

ದಾರ ಇತ್ತು. ಆದರೆ ಎಳೆದರೆ ಹಿಗ್ಗುತ್ತಿತ್ತು. ಬೇಕಿದ್ದದ್ದು ತೆಳ್ಳಗಿನ ಉಕ್ಕಿನ ತಂತಿ. ಮಗಳ ಕೋಣೆಯಲ್ಲಿ ಒಂದು ಹಳೇ ಪೆಪ್ಪರ್‌ಮಿಂಟ್ ಡಬ್ಬ, ಅದರೊಳಗೆ ಸುರುಳಿ ಸುತ್ತಿದ ತಂತಿ ಕಣ್ಣಿಗೆ ಬಿತ್ತು. ಅದೇನು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ತೆಗೆದುಕೊಂಡೆ.

ಅವತ್ತು ರಾತ್ರಿಯೇ ಮೂರನೇ ಗಟ್ಟಿ. ಸಂಜೆ ಆರಕ್ಕೆ ಸುರಿದೆ. ಹ್ಯಾಕ್ಸಾದ ಬ್ಲೇಡು ಕಿತ್ತು ಆ ಜಾಗಕ್ಕೆ ತಂತಿ ಕಟ್ಟಿ, ತುದಿಯ ನಟ್ಟು ತಿರುಗಿಸಿ ಬಿಗಿ ಮಾಡಿದೆ. ಹನ್ನೊಂದು ಗಂಟೆಗೆ ಡಬ್ಬಕ್ಕೆ ಅಂಗೈ ಇಟ್ಟು ನೋಡಿದೆ. ಜ್ವರ ಬಿಡುತ್ತಿರುವ ಮಗುವಿನ ಹಣೆಯಷ್ಟು ಬೆಚ್ಚಗಿತ್ತು. ಗಟ್ಟಿಯನ್ನು ಬಡಗಿಯ ಪೆಟ್ಟಿಗೆಯಲ್ಲಿಟ್ಟು, ತಂತಿಯನ್ನು ಮೊದಲ ಗೆರೆಯ ಮೇಲಿಟ್ಟು, ಉಸಿರು ಹಿಡಿದು ಒತ್ತಿದೆ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಇಳಿಯಿತು. ಒಂದು ಚೂರು ಪುಡಿಯಿಲ್ಲ. ಬುಡ ಮುಟ್ಟಿ ಹಲಗೆಗೆ ತಾಗಿದಾಗ ತಂತಿ ‘ಟಿಂಗ್’ ಎಂದಿತು. ಎರಡನೆಯದು, ಟಿಂಗ್. ಮೂರನೆಯದು, ಟಿಂಗ್. ಕೊಯ್ದ ಮುಖ ಹಾಲಿನ ಕೆನೆಯಷ್ಟು ನುಣುಪಾಗಿತ್ತು. ಸವರಿ ಸವರಿ ನೋಡಿದೆ, ಗ್ಲೌಸು ಹಾಕಿಕೊಂಡೇ.

ಅಮ್ಮನ ಕೋಣೆಯಿಂದ ನಿದ್ದೆಗಣ್ಣಿನ ಧ್ವನಿ ಬಂತು. ‘ಇಷ್ಟು ಹೊತ್ತಲ್ಲಿ ಮಗು ಯಾಕೆ ವೀಣೆ ಹಿಡ್ಕೊಂಡಿದೆ?’

ಉಳಿದ ಆರು ಟಿಂಗ್‌ಗಳನ್ನು ಟವೆಲ್ ಹಾಸಿ ಮುಗಿಸಿದೆ.

ಹತ್ತು ಸೋಪು, ತೂಕ ಒಂದೊಂದೂ ಹತ್ತಿರ ಹತ್ತಿರ 144 ಗ್ರಾಂ. ಪುಸ್ತಕದ ಕಪಾಟಿನ ಮೇಲಿನ ಅಂಕಣದಲ್ಲಿ ಸಾಲಾಗಿ ನಿಲ್ಲಿಸಿದೆ. ನಾಲ್ಕರಿಂದ ಆರು ವಾರ ಗಾಳಿಗೆ ಆರಬೇಕು, ನೀರು ಹೋಗಬೇಕು. ಹಬ್ಬಕ್ಕೆ ಬಂದ ನೆಂಟರು ಯಾರೋ ಅದನ್ನು ಕೊಬ್ಬರಿ ಮಿಠಾಯಿ ಅಂತ ಬಾಯಿಗೆ ಹಾಕಿಕೊಂಡರು ಅಂತ ಈಗ ಬರೆಯುತ್ತೇನೆ ಅಂದುಕೊಂಡಿರಿ, ಅಲ್ವಾ? ಇಲ್ಲ. ಹೆಂಡತಿ ಮೊದಲೇ ಕಪಾಟಿಗೆ ‘ಇದು ಸೋಪು’ ಅಂತ ಚೀಟಿ ಅಂಟಿಸಿದ್ದಳು. ಬಾಯಿಗೆ ಇಟ್ಟವನು ಒಬ್ಬನೇ, ಅದು ನಾನು. ಕ್ಷಾರ ಉಳಿದಿದೆಯಾ ನೋಡುವುದಕ್ಕೆ ನಾಲಿಗೆಯ ತುದಿಗೆ ಒಂಚೂರು ತಾಗಿಸಬೇಕು. ಉಳಿದಿದ್ದರೆ ಬ್ಯಾಟರಿ ನೆಕ್ಕಿದ ಹಾಗೆ ಚುರ್ ಎನ್ನುತ್ತದೆ. ಎನ್ನಲಿಲ್ಲ. ನಾನು ನಾಲಿಗೆ ಚಾಚಿಕೊಂಡು ಕಪಾಟಿನ ಮುಂದೆ ನಿಂತಿದ್ದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ಅವರ ಮುಂದೆ ಚೀಟಿಯೂ ಕೆಲಸಕ್ಕೆ ಬರಲಿಲ್ಲ.

ಐದು ವಾರ ಕಳೆದು ನವರಾತ್ರಿ ಬಂತು. ಸೋಪಿನ ತೂಕ 131ಕ್ಕೆ ಇಳಿದಿತ್ತು. ಇನ್ನು ಮೈಗೆ ಹಚ್ಚಬಹುದು ಅಂತ ಕಪಾಟಿನಿಂದ ಇಳಿಸುತ್ತಿದ್ದೆ. ಒಳಗೆ ಮಗಳು ವೀಣೆ ನುಡಿಸುತ್ತಿದ್ದಳು. ಸರಸ್ವತಿ ಪೂಜೆಯ ದಿನ ಮೇಷ್ಟ್ರ ಮನೆಯಲ್ಲಿ ಎಲ್ಲ ಮಕ್ಕಳೂ ಒಂದೊಂದು ಕೀರ್ತನೆ ನುಡಿಸಬೇಕಿತ್ತು. ಇದ್ದಕ್ಕಿದ್ದ ಹಾಗೆ ಟಪ್ ಅಂತ ಸದ್ದಾಗಿ ನಾದ ನಿಂತಿತು. ಡಬ್ಬದ ಮುಚ್ಚಳ ತೆರೆದ ಸದ್ದು. ಆಮೇಲೆ ನಿಶ್ಶಬ್ದ.

‘ಅಪ್ಪಾ, ಇಲ್ಲಿ ನನ್ನ ಸಾರಣಿ ತಂತಿ ಇತ್ತು.’

ಹ್ಯಾಕ್ಸಾ ತಂದು ಅವಳ ಮುಂದೆ ಹಿಡಿದೆ. ಬೇರೆ ಏನು ಹೇಳಲಿ? ಅವಳು ಅದನ್ನು ತೆಗೆದುಕೊಂಡು ಬೆರಳಲ್ಲಿ ಮೀಟಿದಳು. ‘ಟಿಂಗ್.’ ಇನ್ನೊಂದು ಸಲ ಮೀಟಿ, ಕಿವಿಗೊಟ್ಟು ಕೇಳಿದಳು. ‘ಶ್ರುತಿ ತುಂಬಾ ಮೇಲಿದೆ’ ಎಂದಳು. ಮತ್ತೆ ಅಳತೆ ನೋಡಿದಳು. ವೀಣೆಗೆ ಬೇಕಾದ ತಂತಿ ಅವಳ ತೋಳಿಗಿಂತ ಉದ್ದ. ನಾನು ಅದನ್ನು ಹ್ಯಾಕ್ಸಾಕ್ಕೆ ಸರಿಯಾಗಲಿ ಅಂತ ಮೂರು ತುಂಡು ಮಾಡಿದ್ದೆ.

ಆವತ್ತು ಊರಿನ ಅರ್ಧ ಅಂಗಡಿಗೆ ರಜೆ. ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತಿ ಸುತ್ತಿ, ಕೊನೆಗೆ ಒಂದು ಕಡೆ ಸಿಕ್ಕಿತು. ಅಂಗಡಿಯ ಯಜಮಾನರು ಎಷ್ಟು ಬೇಕು ಎಂದರು. ನಾನು ಎರಡು ಎಂದೆ. ಮಗಳು ನನ್ನ ಮುಖ ನೋಡಿ, ‘ಮೂರು ಕೊಡಿ ಅಂಕಲ್, ಇವರು ಸೋಪು ಮಾಡ್ತಾರೆ’ ಎಂದಳು. ಅವರಿಗೆ ಏನು ಅರ್ಥವಾಯಿತೋ, ಮೂರು ಕೊಟ್ಟರು.

ಹತ್ತು ಸೋಪಿನಲ್ಲಿ ಎರಡು ಬಡಗಿಗೆ ಹೋಯಿತು. ಅಂಚು ಸವರಿ ನೋಡಿ ‘ಫಿನಿಶಿಂಗ್ ಚೆನ್ನಾಗಿದೆ ಸಾರ್’ ಅಂದ. ಒಂದು ಎದುರುಮನೆಯವರಿಗೆ ಕೊಟ್ಟೆ, ಮೂಸಿ ನೋಡಿ ಒಳಗಿಟ್ಟರು. ಹೆಂಡತಿಯದು ಈಗಲೂ ಶ್ರೀಗಂಧವೇ. ಅಮ್ಮ ಮಾತ್ರ ಹಠ ಹಿಡಿದು ಮೊದಲನೇ ಸಲದ 37 ತುಂಡುಗಳನ್ನೇ ಬಳಸುತ್ತಿದ್ದಾಳೆ. ಎರಡು ದಿನಕ್ಕೊಂದರಂತೆ ತೀರುತ್ತಾ ಬಂದಿವೆ.

ಮಗಳ ಪೆಪ್ಪರ್‌ಮಿಂಟ್ ಡಬ್ಬ ಈಗ ಬೀರುವಿನ ಮೇಲಿದೆ. ಮುಚ್ಚಳದ ಮೇಲೆ ಅವಳ ದುಂಡು ಅಕ್ಷರದಲ್ಲಿ ಒಂದು ಚೀಟಿ: ‘ಅಪ್ಪ ಮುಟ್ಟಬಾರದು.’ ಅಂಟಿಸಿರೋದು ನನ್ನ ಟೂಲ್ ಬಾಕ್ಸಿನ ಇನ್ಸುಲೇಷನ್ ಟೇಪಿನಲ್ಲಿ. ಕೇಳದೇ ತಗೊಂಡಿದ್ದಾಳೆ.