ಕವರಿನೊಳಗೊಂದು ಕವರು

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಬ್ರೆಡ್ಡಿನ ಕವರ್ ಬಿಚ್ಚಿದಳು. ನಾನು ಹಾಸಿಗೆಯಲ್ಲಿ ಧಡಕ್ಕನೆ ಎದ್ದು ಕೂತು, "ಭಾವ, ದಯವಿಟ್ಟು ಸಾಕು ಮಾಡಿ" ಅಂದೆನಂತೆ. ಅವಳು ಚಾಕು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಕುದುರೆಮುಖದಿಂದ ಹಾಸನಕ್ಕೆ ಬಂದು ಮೂರು ದಿನ ಆಯಿತು. ಇಂಬಳ ಕಚ್ಚಿದ ಕಡೆ ತುರಿಕೆ ಕಡಿಮೆಯಾಗಿದೆ. ಮೊಣಕಾಲು ಮೆಟ್ಟಿಲು ಇಳಿಯಲು ಒಪ್ಪಿಕೊಂಡಿದೆ. ಆದರೆ ಆ ಸದ್ದು ಮಾತ್ರ ಕಿವಿಯಿಂದ ಇಳಿದಿಲ್ಲ.

ಹನ್ನೊಂದು ಜನ ಹೋಗಿದ್ದೆವು. ಅಕ್ಕನ ಯಜಮಾನರು, ಚಿಕ್ಕಪ್ಪನ ಮಕ್ಕಳು, ಅವರ ಮಕ್ಕಳು, ಹೀಗೆ. ಹೊರಡುವ ಹದಿನೈದು ದಿನ ಮುಂಚೆಯೇ ಭಾವ ಒಂದು ವಾಟ್ಸಾಪ್ ಗ್ರೂಪ್ ಮಾಡಿ ನಿಯಮಗಳನ್ನು ಹಾಕಲು ಶುರು ಮಾಡಿದ್ದರು. ಅವರ ಮಗ ನ್ಯೂಜಿಲ್ಯಾಂಡಿನಲ್ಲಿದ್ದಾನೆ. ಅಲ್ಲಿ ಬೆಟ್ಟ ಕಾಡುಗಳಲ್ಲಿ ಸರ್ಕಾರದ್ದೇ 900ಕ್ಕೂ ಹೆಚ್ಚು ಹಟ್‌ಗಳಿವೆಯಂತೆ. ಮರದ ಮನೆ, ಸಾಲು ಮಂಚ, ಒಂದು ಒಲೆ, ಅಷ್ಟೇ. ಅಡುಗೆಯವರಿಲ್ಲ, ಹೆಚ್ಚಿನ ಕಡೆ ಕಾವಲಿನವರೂ ಇಲ್ಲ. ಬಹಳಷ್ಟು ಕಡೆ ಮೊದಲು ಬಂದವರಿಗೆ ಮಂಚ. ಹಾಗಂತ ತಡವಾಗಿ ಬಂದವನನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, ಒತ್ತಿಕೊಂಡು ಜಾಗ ಮಾಡಿಕೊಡಬೇಕು. ದೊಡ್ಡ ಗುಂಪಾದರೆ ಟೆಂಟ್ ಹೊತ್ತುಕೊಂಡೇ ಹೋಗಬೇಕು, ಇಡೀ ಹಟ್ಟನ್ನು ನಾವೇ ತುಂಬಿಕೊಂಡು ಕೂರಬಾರದು. ಕಸದ ಬುಟ್ಟಿ ಇರುವುದಿಲ್ಲ, ತಂದ ಕಸ ತಂದವರೇ ವಾಪಸ್ ಒಯ್ಯಬೇಕು. ಅಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು, ಮುಂದೆ ಹೋಗುವ ದಾರಿ ಬರೆಯಬೇಕು, ದಾರಿ ತಪ್ಪಿದರೆ ಹುಡುಕುವವರಿಗೆ ಅದೇ ಆಧಾರ. ಹೊರಡುವ ಮುಂಚೆ ಗುಡಿಸಿ, ಮುಂದೆ ಬರುವವರಿಗೆ ಸೌದೆ ಒಡೆದಿಟ್ಟು ಹೋಗಬೇಕು.

ಮಗ ಫೋನಿನಲ್ಲಿ ಹೇಳಿದ್ದನ್ನೆಲ್ಲ ಭಾವ ಒಂದೊಂದಾಗಿ ನಮಗೆ ರವಾನಿಸಿದರು. ಕೊನೆಗೆ ತಮ್ಮದೂ ಒಂದು ಸೇರಿಸಿದರು: "ರಾತ್ರಿ ಒಂಬತ್ತರ ನಂತರ ಸೂಜಿ ಬಿದ್ದರೂ ಸದ್ದು ಕೇಳಬೇಕು." ಎಲ್ಲರೂ ಹೆಬ್ಬೆರಳು ತೋರಿಸಿದೆವು. ಅಕ್ಕ ಮಾತ್ರ ಏನೂ ಹಾಕಲಿಲ್ಲ. ಅವಳು ಬರಲೂ ಇಲ್ಲ. "ಮೂವತ್ತು ವರ್ಷದಿಂದ ಮನೇಲೇ ಕೇಳ್ತಿದ್ದೀನಿ. ಅದಕ್ಕೋಸ್ಕರ ಬೆಟ್ಟ ಬೇರೆ ಹತ್ತಬೇಕಾ?" ಅಂದಳು. ಏನನ್ನು ಕೇಳ್ತಿದ್ದಾಳೆ ಅಂತ ನಾನು ಆಗಲೇ ವಿಚಾರಿಸಬೇಕಿತ್ತು.

ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಸಂಸೆ. ಅಲ್ಲಿಂದ ಮುಳ್ಳೋಡಿಗೆ ಜೀಪು. ಆ ಜೀಪಿನಲ್ಲಿ ಒಮ್ಮೆ ಹೋಗಿ ಬಂದವರಿಗೆ ವಿವರಿಸುವ ಅಗತ್ಯ ಇಲ್ಲ, ಹೋಗದವರಿಗೆ ವಿವರಿಸಿದರೆ ನಂಬುವುದಿಲ್ಲ. ನಾವು ಉಳಿದದ್ದು ಒಬ್ಬ ಅಮ್ಮನವರ ಹೆಂಚಿನ ಮನೆಯಲ್ಲಿ. ಉದ್ದ ಹಾಲು, ಗೋಡೆಯಿಂದ ಗೋಡೆಗೆ ಹದಿನೆಂಟು ಹಾಸಿಗೆ. ಹನ್ನೊಂದು ನಮ್ಮವು, ಏಳು ಬೆಂಗಳೂರಿನ ಹುಡುಗರವು. ಕರೆಂಟು ಮನೆ ಹಿಂದಿನ ಹಳ್ಳದ ನೀರಿನಿಂದ, ಚಿಕ್ಕ ಟರ್ಬೈನು ತಿರುಗಿಸಿ. ಹಾಗಾಗಿ ಹಾಲಿಗೆಲ್ಲ ಒಂದೇ ಪ್ಲಗ್ಗು. ಹದಿನೆಂಟು ಫೋನು.

ಗೋಡೆಯ ಮೇಲೆ ರಟ್ಟಿನಲ್ಲಿ ನಿಯಮ ಬರೆದು ನೇತು ಹಾಕಿದ್ದರು. ಶೂ ಹೊರಗೆ ಬಿಡಿ. ಒದ್ದೆ ಬಟ್ಟೆ ಹಾಸಿಗೆ ಮೇಲೆ ಹಾಕಬೇಡಿ. ಬಿಸಿನೀರು ಎಲ್ಲರಿಗೂ ಬೇಕು. ಭಾವ ಅದನ್ನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಬೆಂಗಳೂರಿನ ಹುಡುಗರಿಗೂ ಕೇಳಲಿ ಅಂತ ಆ ಕಡೆ ತಿರುಗಿ ಇನ್ನೊಂದು ಸಲ ಓದಿದರು. ಬ್ಯಾಂಕಿನಲ್ಲಿ ಇದ್ದವರು, ಸುತ್ತೋಲೆ ಓದುವ ಅಭ್ಯಾಸ.

ಬಿಸಿನೀರಿನ ನಿಯಮ ಅರ್ಧ ಗಂಟೆಯಲ್ಲೇ ಮುರಿದುಬಿತ್ತು. ಮೊದಲು ಸ್ನಾನಕ್ಕೆ ಹೋದ ನಮ್ಮದೇ ಹುಡುಗರಿಬ್ಬರು ಹಂಡೆ ಖಾಲಿ ಮಾಡಿ ಬಂದರು. ನನಗೆ ಸಿಕ್ಕಿದ್ದು ಮಸಿ ವಾಸನೆ ಮಾತ್ರ. ಅಜ್ಜಿ ಮನೆಯಲ್ಲಿ ಹೀಗೆ ಮಾಡಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಒಂದು ಕೊಡ ಬಿಸಿನೀರು ತೆಗೆದವನು ಒಂದು ಕೊಡ ತಣ್ಣೀರು ಹಂಡೆಗೆ ಸುರಿದು, ಒಲೆಗೆ ಒಂದು ಸೌದೆ ಮುಂದಕ್ಕೆ ನೂಕಿ ಬರಬೇಕು. ಇದನ್ನು ಯಾರೂ ರಟ್ಟಿನ ಮೇಲೆ ಬರೆದಿರಲಿಲ್ಲ. ನ್ಯೂಜಿಲ್ಯಾಂಡಿನವರು ಸೌದೆ ಒಡೆದಿಡಿ ಅನ್ನುವುದೂ ಇದನ್ನೇ ಅಲ್ವಾ?

ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಸಾರು, ಅನ್ನ. ಊಟ ಮುಗಿಸಿ ಒಂಬತ್ತಕ್ಕೆ ಮಲಗಿದೆವು. ಮಳೆ ಹೆಂಚಿನ ಮೇಲೆ ಸಣ್ಣಗೆ ಹುಯ್ಯುತ್ತಿತ್ತು. ಬೆಂಗಳೂರಿನ ಹುಡುಗರು ಗಲಾಟೆ ಮಾಡುತ್ತಾರೆ ಅಂತ ನಾವೆಲ್ಲ ಹೆದರಿದ್ದೆವು. ಪಾಪ, ಅವರು ಒಂಬತ್ತೂ ಕಾಲಿಗೆ ನಿದ್ದೆ ಹೋಗಿದ್ದರು.

ಮೂರು ಗಂಟೆಗೆ ಶುರುವಾಯಿತು.

ಇಲ್ಲಿ ಭಾವನ ಪ್ಯಾಕಿಂಗ್ ಬಗ್ಗೆ ಹೇಳಲೇಬೇಕು. ಅವರ ಬ್ಯಾಗಿನಲ್ಲಿ ಯಾವ ವಸ್ತುವೂ ಬೆತ್ತಲೆಯಾಗಿ ಇರುವುದಿಲ್ಲ. ಕಾಲುಚೀಲ ಒಂದು ಕವರಿನಲ್ಲಿ. ಆ ಕವರಿಗೆ ಗಂಟು. ಅದು ಇನ್ನೊಂದು ಕವರಿನಲ್ಲಿ, ಅದಕ್ಕೂ ಗಂಟು. ಮಾತ್ರೆ ಬೇರೆ, ಟೂತ್‌ಬ್ರಷ್ ಬೇರೆ, ಚಾರ್ಜರ್ ಬೇರೆ. ಎಲ್ಲ ಸೇರಿ ಬಟ್ಟೆ ಅಂಗಡಿಯವರು ಸೀರೆ ಹಾಕಿಕೊಡುತ್ತಾರಲ್ಲ, ಆ ದಪ್ಪ ಕವರಿನಲ್ಲಿ. ಅದೇ ಅತ್ಯಂತ ಅಪಾಯಕಾರಿ. ನೋಡಿದರೆ ಸಾಕು ಸದ್ದು ಮಾಡುತ್ತದೆ.

ಜೋರಾಗಿ ಬಿಚ್ಚಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅವರಿಗೆ ನಿಯಮದ ನೆನಪಿತ್ತು. ಮೆತ್ತಗೆ ಬಿಚ್ಚಿದರು. ಸರ್... ನಿಲ್ಲಿಸಿದರು. ಎಲ್ಲರೂ ಮಲಗಿದ್ದಾರಾ ಅಂತ ಕಿವಿಗೊಟ್ಟರು. ಮತ್ತೆ ಸರ್ರ್... ಪರ್. ಮತ್ತೆ ಮೌನ. ಇಡೀ ಹಾಲಿನ ಉಸಿರಾಟ ಬದಲಾಗಿದ್ದು ನನಗೆ ಕೇಳಿಸಿತು. ಹದಿನೇಳು ಜನ ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿ, ಮುಂದಿನ ಗಂಟಿಗೆ ಕಾಯುತ್ತಿದ್ದೆವು. ಒಂದು ಗಂಟು ಬಿಚ್ಚಿಕೊಂಡಿತು. ನಾವೂ ಉಸಿರು ಬಿಟ್ಟೆವು. ಒಳಗೆ ಇನ್ನೊಂದು ಕವರು. ಆ ಗಂಟು ಬಿಚ್ಚಲಿಲ್ಲ. ಹಲ್ಲು ಹಾಕಿದರು ಅಂತ ಕಾಣುತ್ತದೆ, ಬೇರೆ ಥರದ ಸದ್ದು ಬಂತು. ಹತ್ತು ನಿಮಿಷದ ನಂತರ ಆ ಕವರು ಅಲ್ಲ ಅಂತ ಗೊತ್ತಾಯಿತು. ಅದನ್ನು ಹಾಗೇ ಬಿಡುವ ಮನುಷ್ಯರಲ್ಲ ಅವರು. ಮತ್ತೆ ಮಡಚಿ, ಗಾಳಿ ಒತ್ತಿ ತೆಗೆದು, ಗಂಟು ಹಾಕಿ, ಮುಂದಿನದನ್ನು ತೆಗೆದರು.

ಕತ್ತಲಲ್ಲಿ ಬೆಂಗಳೂರಿನ ಕಡೆಯಿಂದ ಒಂದು ದನಿ ಬಂತು. "ಸಾರ್, ಕತ್ತರಿ ಬೇಕಾ?"

"ಛೆ ಛೆ, ನೀವು ಮಲಗಿ. ನನ್ನಿಂದ ಯಾರಿಗೂ ತೊಂದರೆ ಆಗಬಾರದು" ಅಂದ ಭಾವ, ಹುಡುಕಲು ಸುಲಭವಾಗಲಿ ಅಂತ ಹಣೆಯ ಮೇಲಿನ ಟಾರ್ಚು ಹಚ್ಚಿ, ದನಿ ಬಂದ ಕಡೆ ತಿರುಗಿ ನೋಡಿದರು. ಏಳು ಕಂಬಳಿ ಒಟ್ಟಿಗೆ ಮುಖದ ಮೇಲೆ ಹೋದವು.

ನಾನು ಎದ್ದು ಕೂತೆ. "ಏನು ಭಾವ ಹುಡುಕ್ತಿದ್ದೀರಿ?"

"ಹತ್ತಿ ಮಾರಾಯ. ಕಿವಿಗೆ. ನಿನ್ನ ಗೊರಕೆಗೆ ಇಲ್ಲಿ ಒಬ್ಬರಿಗೂ ನಿದ್ದೆ ಇಲ್ಲ."

ಇದಕ್ಕೆ ಯಾರಾದರೂ "ಇಲ್ಲ ಇಲ್ಲ" ಅನ್ನುತ್ತಾರೆ ಅಂತ ಒಂದು ಕ್ಷಣ ಕಾದೆ. ಯಾರೂ ಅನ್ನಲಿಲ್ಲ. ಸುಮ್ನೆ ಮಲಗಿದೆ.

ಹತ್ತಿ ಸಿಕ್ಕಿತು. ಎರಡೂ ಕಿವಿಗೆ ತುರುಕಿಕೊಂಡು ಭಾವ ಸುಖವಾಗಿ ನಿದ್ದೆ ಹೋದರು. ನಾನು ಗೊರಕೆ ಬರಬಾರದು ಅಂತ ಪಕ್ಕಕ್ಕೆ ತಿರುಗಿ, ಎಚ್ಚರವಾಗಿಯೇ ಬಿದ್ದುಕೊಂಡೆ. ಅಂತೂ ಕಣ್ಣು ಎಳೆಯಿತು ಅನ್ನುವಾಗ, ನಾಲ್ಕೂವರೆಗೆ, ಸುಪ್ರಭಾತ ಶುರುವಾಯಿತು.

ಭಾವನ ಫೋನಿನ ಅಲಾರಂ. ಫೋನು ಬ್ಯಾಗಿನಲ್ಲಿ. ಬ್ಯಾಗಿನಲ್ಲಿ ಎಲ್ಲಿ ಅಂತ ಬೇರೆ ಹೇಳಬೇಕಾ? ಯಜಮಾನರಿಗೆ ಕಿವಿ ಕೇಳುತ್ತಿಲ್ಲ. ಅಲುಗಾಡಿಸಿದರೆ "ಐದು ನಿಮಿಷ" ಅಂತ ಮಗ್ಗುಲಾದರು. ಸುಪ್ರಭಾತ ನಿಲ್ಲುವುದು, ಐದು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ ಬರುವುದು. ಕೊನೆಗೆ ನಾನು, ಚಿಕ್ಕಪ್ಪನ ಮಗ, ಮತ್ತೆ ಕತ್ತರಿ ಹಿಡಿದು ಬಂದ ಆ ಬೆಂಗಳೂರಿನ ಹುಡುಗ, ಮೂವರೂ ಮಂಡಿಯೂರಿ ಕೂತು, ಒಂದೊಂದೇ ಕವರನ್ನು ಕಿವಿಗೆ ಹಿಡಿದು ದೇವರು ಯಾವುದರಲ್ಲಿದ್ದಾನೆ ಅಂತ ಹುಡುಕಿದೆವು. ಅಷ್ಟರಲ್ಲಿ ಮನೆ ಅಮ್ಮ ಲಾಟೀನು ಹಿಡಿದು ಬಾಗಿಲಿಗೆ ಬಂದರು. "ಎಂತ ಮಾರಾಯ್ರೆ, ಇಲಿ ಬಂತಾ?"

ಬೆಳಿಗ್ಗೆ ಕಾಫಿ ಕೊಡುವಾಗ ಅದೇ ಅಮ್ಮ "ಎಲ್ಲರಿಗೂ ನಿದ್ದೆ ಬಂತಾ?" ಅಂತ ಕೇಳಿದರು. ಹದಿನೇಳು ಜನ ಲೋಟದೊಳಗೆ ನೋಡಿದೆವು. ಭಾವ ಒಬ್ಬರೇ "ಫಸ್ಟ್ ಕ್ಲಾಸ್" ಅಂದರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ.

ಹಾಲಿನಲ್ಲಿ ಸಾಲಾಗಿ ಮಲಗುವುದು ನನಗೆ ಹೊಸದಲ್ಲ. ಸಕಲೇಶಪುರದ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಮದುವೆ ಅಂದರೆ ಮೂವತ್ತು ಜನ ಜಮಖಾನದ ಮೇಲೆ. ಅಜ್ಜ ನಾಲ್ಕು ಗಂಟೆಗೆ ಏಳುತ್ತಿದ್ದ, ಕೊಟ್ಟಿಗೆಗೆ ಹೋಗಬೇಕಲ್ಲ. ಕತ್ತಲಲ್ಲಿ ಮೂವತ್ತು ಜನರ ಕಾಲು ಕೈ ದಾಟಿಕೊಂಡು ಬಾಗಿಲಿಗೆ ಹೋಗುತ್ತಿದ್ದ. ಆ ಬಾಗಿಲಿನ ಕಬ್ಬಿಣದ ಚಿಲಕ ಊರಿಗೆಲ್ಲ ಕೇಳುವಂಥದ್ದು. ಅಜ್ಜ ಹೆಗಲ ಮೇಲಿನ ಟವೆಲಿನ ತುದಿಯನ್ನು ಚಿಲಕಕ್ಕೆ ಸುತ್ತಿ, ಮೆಲ್ಲಗೆ ಎತ್ತುತ್ತಿದ್ದ. ಒಂದು ದಿನ ನಾನು ಎಚ್ಚರವಾಗಿದ್ದೆ, ಹಾಗಾಗಿ ನೋಡಿದೆ. ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ದೂರದಿಂದ ದನದ ಗಂಟೆ ಕೇಳಿಸಿತು, ಅಷ್ಟೇ.

ಆ ಮನೆ ಈಗ ಇಲ್ಲ. ಚಿಲಕ ಯಾರ ಹತ್ತಿರ ಇದೆಯೋ.

ಬೆಟ್ಟದ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಹೋಗಿ ಬರಲು ಸುಮಾರು ಇಪ್ಪತ್ತು ಕಿಲೋಮೀಟರ್. ಹುಲ್ಲುಗಾವಲು, ಶೋಲಾ ಕಾಡು, ಹಳ್ಳ, ಇಂಬಳ. ಸಮುದ್ರ ಮಟ್ಟದಿಂದ 1,890 ಮೀಟರಿಗಿಂತ ಎತ್ತರದ ತುದಿಯಲ್ಲಿ ನಿಂತು ಎದುರಿಗಿದ್ದ ಬಿಳಿ ಮಂಜನ್ನು ಇಪ್ಪತ್ತು ನಿಮಿಷ ನೋಡಿ, ಚಿತ್ರಾನ್ನ ತಿಂದು ಇಳಿದೆವು. ಚೆನ್ನಾಗಿತ್ತು.

ಆದರೆ ಹೊರಡುವ ಮುಂಚೆ ಅರಣ್ಯ ಇಲಾಖೆಯ ತಪಾಸಣೆ ಇತ್ತು. ಅದು ರಾಷ್ಟ್ರೀಯ ಉದ್ಯಾನ, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಗಾರ್ಡು ನಮ್ಮ ಬ್ಯಾಗುಗಳನ್ನು ಸರಸರನೆ ನೋಡಿ ಕಳಿಸಿದ. ಭಾವನ ಬ್ಯಾಗಿಗೆ ಕೈ ಹಾಕಿದವನು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತ.

"ಇದೆಲ್ಲ ಎಂತ ಸಾರ್?"

"ಒದ್ದೆಯಾಗಬಾರದು ಅಂತ."

"ಇದರೊಳಗೆ?"

"ಕವರು."

"ಕವರಿನೊಳಗೆ ಕವರು ಒದ್ದೆಯಾಗಬಾರದು ಅಂತನಾ?"

ಕವರುಗಳೆಲ್ಲ ಮೇಜಿನ ಮೇಲೆ ಉಳಿದವು. ಭಾವ ಇಡೀ ಚಾರಣವನ್ನು ಕಾಲುಚೀಲ, ಮಾತ್ರೆ, ಸೋಪಿನ ಡಬ್ಬಿ ಎಲ್ಲ ಒಂದರ ಮೇಲೊಂದು ಉರುಳಾಡುವ ಬ್ಯಾಗು ಹೊತ್ತು, ಮನೆ ಬಾಗಿಲು ಹಾಕದೆ ಬಂದವರ ಮುಖದಲ್ಲಿ ಮುಗಿಸಿದರು. ಸಂಜೆ ಇಳಿದ ಕೂಡಲೇ ಮೇಜಿನ ಹತ್ತಿರ ಹೋಗಿ, ಬೆರಳು ನಾಲಿಗೆಗೆ ಮುಟ್ಟಿಸಿ, ನೋಟು ಎಣಿಸುವ ಹಾಗೆ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ನಾವೆಲ್ಲ ಒದ್ದೆ ಪ್ಯಾಂಟಿನಲ್ಲಿ ನಡುಗುತ್ತಾ ಕೂತಿದ್ದೆವು.

"ಇಪ್ಪತ್ತೆರಡೇ ಇದೆ. ಒಂದು ಕಮ್ಮಿ."

ಕಾಲು ಗಂಟೆ ಹುಡುಕಿದರು. ಗಾರ್ಡೂ ಹುಡುಕಿದ, ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದ. ಸಿಗಲಿಲ್ಲ. ಮೂಡಿಗೆರೆಯವರೆಗೂ ಭಾವ ಮಾತಾಡಲಿಲ್ಲ. ಬೇಲೂರಿನಲ್ಲಿ ಕಾಫಿ ಕುಡಿಯುವಾಗ "ಅದು ಒಳ್ಳೆ ಕವರು" ಅಂದರು.

ನಿನ್ನೆ ನನ್ನ ಬ್ಯಾಗು ತೊಳೆಯಲು ಹಾಕುವಾಗ ಅದು ಸಿಕ್ಕಿತು. ಬೆಳಗಿನ ಜಾವದ ಗಡಿಬಿಡಿಯಲ್ಲಿ ನನ್ನ ಬ್ಯಾಗಿಗೆ ಬಿದ್ದಿರಬೇಕು. ಎರಡು ಗಂಟು ಬಿಚ್ಚಿ ನೋಡಿದೆ. ಒಳಗೆ ಉಳಿದರ್ಧ ಹತ್ತಿ. "ಅಯ್ಯೋ ರೀ, ಫೋನ್ ಮಾಡಿ ಹೇಳಿ, ಪಾಪ ಇನ್ನೂ ಹುಡುಕ್ತಿರ್ತಾರೆ" ಅಂದಳು ಹೆಂಡತಿ.

ಹುಡುಕಲಿ ಅಂತ ಸುಮ್ಮನಿದ್ದೇನೆ.