ಏನೂ ಆಗಲ್ಲ, ಹಾಕಿ

ನಿನ್ನೆ ಮತ್ತೆ ಅದೇ ಫೋನ್. ನಮ್ಮ ಎಲೆಕ್ಟ್ರಿಷಿಯನ್ ಕಸುಬಿನವರಿಗೆಲ್ಲ ಬಾಯಿಪಾಠ ಆಗಿರುವ ಫೋನ್.

"ಆ ಎಂಸಿಬಿ ಸುಮ್ ಸುಮ್ನೆ ಟ್ರಿಪ್ ಆಗ್ತಿದೆ ಕಣ್ರೀ. 16 ತೆಗೆದು 32 ಹಾಕಿಬಿಡಿ. ಹತ್ತು ನಿಮಿಷದ ಕೆಲಸ."

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ, ಅಂದರೆ ಟ್ರಿಪ್ ಆಗುವ ಸ್ವಿಚ್. 16, 32 ಅನ್ನುವುದು ಆ ಮಿತಿ, ಆಂಪ್ ಲೆಕ್ಕದಲ್ಲಿ. ಹತ್ತು ಯಾಕೆ, ಐದೇ ನಿಮಿಷ ಸಾಕು. ನನ್ನ ಕೆಲಸ ಅಷ್ಟರಲ್ಲಿ ಮುಗಿಯುತ್ತದೆ. ಗೋಡೆಯೊಳಗಿನ ವೈರ್‌ನ ಕೆಲಸ ಆಮೇಲೆ ಶುರುವಾಗುತ್ತದೆ.

ಹೋಗಿ ನೋಡಿದೆ. ಒಂದೇ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಓವನ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಎಲ್ಲ ಹಾಕಿದ್ದಾರೆ. ಎಂಸಿಬಿ ಕಾಯುವುದು ಓವನ್ನನ್ನಲ್ಲ ಸಾರ್, ಗೋಡೆಯೊಳಗಿನ ವೈರನ್ನು ಅಂತ ಹೇಳಿದೆ. ಕರೆಂಟ್ ಎರಡು ಪಟ್ಟಾದರೆ ವೈರ್‌ನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ, ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಅಂತಲೂ ಹೇಳಿದೆ. ಓವನ್‌ಗೆ ಬೇರೆ ಲೈನ್ ಎಳೆಯೋಣ ಅಂದೆ. ಅವರು ಕೈ ಬೀಸಿ ತಳ್ಳಿಹಾಕಿದರು. "ಏನೂ ಆಗಲ್ಲ, ಹಾಕಿ." ಕಳ್ಳನನ್ನು ಕಂಡು ಬೊಗಳುವ ನಾಯಿಯ ಬಾಯಿ ಕಟ್ಟಿ, ಈಗ ಮನೆ ಎಷ್ಟು ಶಾಂತವಾಗಿದೆ ನೋಡಿ ಅನ್ನುವ ಪೈಕಿ.

ಈ "ಏನೂ ಆಗಲ್ಲ" ಅನ್ನುವ ಮಾತಿಗೆ ನಾನು ಕೈ ಮುಗಿದಿದ್ದೇನೆ. ನಮ್ಮ ಕೆಲಸಕ್ಕೆ ದಪ್ಪ ದಪ್ಪ ನಿಯಮದ ಪುಸ್ತಕಗಳಿವೆ. ಎಂಜಿನಿಯರುಗಳು ವರ್ಷಗಟ್ಟಲೆ ಕೂತು, ಸುಟ್ಟ ಮನೆಗಳನ್ನು ನೋಡಿ ನೋಡಿ ಬರೆದದ್ದು. ಅದನ್ನೆಲ್ಲ ಎರಡೇ ಪದದಲ್ಲಿ ರದ್ದು ಮಾಡುವ ಅಧಿಕಾರ ಮನೆ ಮಾಲೀಕರಿಗಿದೆ. ಅದೂ ಸೋಫಾದಿಂದ ಏಳದೆ.

ಹಮ್ಮುರಬಿ ಇದ್ದಿದ್ದರೆ ಏನನ್ನುತ್ತಿದ್ದನೋ. ಕ್ರಿ.ಪೂ. 1750ರ ಸುಮಾರಿಗೆ ಬ್ಯಾಬಿಲೋನ್ ಆಳಿದ ಆ ಪುಣ್ಯಾತ್ಮ ಕಪ್ಪು ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ್ದಾನೆ. ಕಲ್ಲು ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ 229ನೇ ನಿಯಮ ಮತ್ತು ಅದರ ಮುಂದಿನ ಕೆಲವು ನಮ್ಮಂಥವರಿಗೇ ಮಾಡಿದ್ದು. ಕಟ್ಟಿದ ಮನೆ ಕುಸಿದು ಮಾಲೀಕ ಸತ್ತರೆ, ಕಟ್ಟಿದವನ ತಲೆ ಹೋಯಿತು. ಮಾಲೀಕನ ಮಗ ಸತ್ತರೆ ಕಟ್ಟಿದವನ ಮಗನ ತಲೆ. ಗೋಡೆ ವಾಲಿದರೆ ಅವನೇ ಕೈಯಿಂದ ಖರ್ಚು ಹಾಕಿ ಸರಿ ಮಾಡಬೇಕು. ಒಪ್ಪೋಣ, ಖಡಕ್ ಮನುಷ್ಯ. ಆದರೆ "ಗೋಡೆ ಅಷ್ಟು ದಪ್ಪ ಬೇಡ, ಸುಮ್ನೆ ಖರ್ಚು, ಮುಂದಿನ ವಾರ ನಾವು ಬಂದು ಸೇರ್ಕೋಬೇಕು" ಅಂತ ಮೇಸ್ತ್ರಿಯ ತಲೆ ತಿಂದ ಮಾಲೀಕನ ಬಗ್ಗೆ ಆ ಕಲ್ಲಿನಲ್ಲಿ ಒಂದು ಸಾಲೂ ಇಲ್ಲ. ಜಾಗ ಸಾಲಲಿಲ್ಲವೋ ಏನೋ.

ಮೇಸ್ತ್ರಿ ಅಂದ ಮೇಲೆ ನೆನಪಾಯಿತು. ಗಾರೆ ಕೆಲಸದ ಗೆಳೆಯನೊಬ್ಬ ಕಾಂಕ್ರೀಟ್ ಹಾಕಿ, ಕನಿಷ್ಠ ಏಳು ದಿನ ನೀರು ಹಾಕ್ತಾ ಇರಿ ಅಂದ. ಮಾಲೀಕರು ಮೂರನೇ ದಿನವೇ ನಲ್ಲಿ ನಿಲ್ಲಿಸಿದರು. "ಒಳ್ಳೇ ಬಿಸಿಲಿದೆ, ಬೇಗ ಒಣಗುತ್ತೆ." ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟ್ ನೀರಿನ ಜೊತೆ ಸೇರಿ. ಬೇಗ ಒಣಗಿದರೆ ಅದೇ ಕೇಡು. ಇಷ್ಟನ್ನು ಹೇಳಿದ್ದಕ್ಕೆ ಅವನಿಗೆ ಸಿಕ್ಕ ಬಿರುದು "ಸೋಮಾರಿ". ನೀರು ಹಾಕುವ ಹೆಸರಲ್ಲಿ ದಿನ ಎಳೀತಾನಂತೆ.

ನನಗೂ ಒಂದು ಬಿರುದಿದೆ, "ತಲೆಹರಟೆ". ಹಸಿರು ವೈರಿನಿಂದ ಬಂದದ್ದು. ಅರ್ಥ್ ವೈರ್, ಗೊತ್ತಲ್ವಾ, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು.

"ಇದು ಏನ್ ಕೆಲಸ ಮಾಡುತ್ತೆ?"

"ದಿನಾ ಏನೂ ಮಾಡಲ್ಲ ಸಾರ್."

"ಮತ್ಯಾಕೆ? ಬಿಟ್ಬಿಡಿ. ಹಳೇ ಮನೇಲಿ ಎರಡೇ ವೈರ್ ಇತ್ತು."

ವಾದ ಎಷ್ಟು ಚೆನ್ನಾಗಿದೆ ನೋಡಿ. ದಿನಾ ಕೆಲಸ ಮಾಡದ್ದು ಯಾಕೆ ಬೇಕು? ಒಂದು ಆಂಪ್‌ನಲ್ಲಿ 1000 ಮಿಲಿಆಂಪ್. ಅದರಲ್ಲಿ ಬರೀ 30 ಮನುಷ್ಯನ ಎದೆ ದಾಟಿ ಹರಿದರೆ ಜೀವಕ್ಕೆ ಅಪಾಯ. ಒಂದು ಚಿಕ್ಕ ಎಲ್‌ಇಡಿ ಬಲ್ಬ್ ಎಳೆಯುವಷ್ಟು ಕರೆಂಟ್. 16 ಆಂಪ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆಂದೇ ಅಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕುತ್ತೇವೆ, ಹಸಿರು ವೈರ್ ಎಳೆಯುತ್ತೇವೆ. ಎರಡನ್ನೂ ಬಿಲ್‌ನಿಂದ ಹೊಡೆದು ಹಾಕಿ, ಉಳಿದ ದುಡ್ಡಲ್ಲಿ ಬಣ್ಣ ಬದಲಿಸುವ ಲೈಟ್ ಹಾಕಿಸಿದವರನ್ನು ನೋಡಿದ್ದೇನೆ. ಬಂದ ನೆಂಟರೆಲ್ಲ ಲೈಟ್ ಹೊಗಳಿದರಂತೆ.

ನಾನು ಸಾಚಾ ಅಂತ ಹೇಳುತ್ತಿಲ್ಲ. ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬರು ಹಿಂದೆ ನಿಂತು ಗಡಿಯಾರ ನೋಡುತ್ತಲೇ ಇದ್ದರು. ಪೈಪ್ ಒಳಗೇ ಎರಡು ವೈರ್ ತಿರುಚಿ, ಟೇಪ್ ಸುತ್ತಿ, ಎಳೆದುಬಿಟ್ಟೆ. ಅಲ್ಲಿ ಜಾಯಿಂಟ್ ಇರಬಾರದು, ಗೊತ್ತಿತ್ತು. ಎರಡು ವರ್ಷದ ಮೇಲೆ ಅದೇ ಮನೆಯಿಂದ ಫೋನ್ ಬಂತು. ಬೋರ್ಡ್ ಬಿಚ್ಚಿದರೆ ಕೊಳೆತ ಮೀನಿನಂಥ ವಾಸನೆ. ಪ್ಲಾಸ್ಟಿಕ್ ಬೆಂದಾಗ ಬರುವ ವಾಸನೆ ಅದು. ವೈರ್ ಎಳೆದರೆ ಹೊದಿಕೆ ಪುಡಿಪುಡಿಯಾಗಿ ಉದುರಿತು. ಕೊನೆಗೆ ಹೊರಗೆ ಬಂದದ್ದು ಕರಗಿ ಅಂಟಾಗಿದ್ದ ಟೇಪ್. ಎಡಕ್ಕೆ ಸುತ್ತಿದ್ದು. ನಾನು ಎಡಗೈಯವನು.

"ಯಾರ್ರೀ ಮಾಡಿದ್ದು ಈ ಕೆಲಸ?" ಅಂತ ಅವರೇ ಕೇಳಿದರು. ಗಡಿಯಾರ ಹಿಡಿದು ನಿಂತಿದ್ದ ಅದೇ ಮನುಷ್ಯ.

ಅಷ್ಟೇ ನೋಡಿ. ಬೆಂಕಿ ಬಿದ್ದ ಮೇಲೆ ಎಲ್ಲರೂ ಕೇಳುವುದು ಮಾಡಿದ್ದು ಯಾರು ಅಂತ. ಮಾಡಿಸಿದ್ದು ಯಾರು ಅಂತ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಆಗಲ್ಲ ಅಂದವನಿಗೆ ಆ ದಿನದ ಕೂಲಿ ಹೋಗುತ್ತದೆ, ಮುಂದಿನ ಕೆಲಸವೂ ಹೋಗುತ್ತದೆ. ಹ್ಞೂಂ ಅಂದವನಿಗೆ "ಒಳ್ಳೇ ಹುಡುಗ, ಅಡ್ಜಸ್ಟ್ ಮಾಡ್ಕೋತಾನೆ" ಅನ್ನುವ ಸರ್ಟಿಫಿಕೇಟ್. ನನಗೆ ಇನ್ನು ಜೋಕ್ ಮಾಡುವಷ್ಟು ತಾಳ್ಮೆ ಇಲ್ಲ. ಇದು ನಿಮ್ಮದೇ ಮನೆ ಮಾರಾಯ್ರೇ. ಒಳಗೆ ಮಲಗುವುದು ನಿಮ್ಮದೇ ಮಕ್ಕಳು. ಅವರಿಗೋಸ್ಕರ ನಾನು ನಿಮ್ಮ ಜೊತೆ ಯಾಕೆ ಜಗಳ ಆಡಬೇಕು?

32 ಹಾಕದೆ ವಾಪಸ್ ಬಂದೆ. ರಾತ್ರಿ ಅವರದೇ ಫೋನ್, ದನಿಯಲ್ಲಿ ಗೆದ್ದ ಖುಷಿ.

"ಬೇರೆಯವರು ಬಂದು ಹಾಕಿ ಹೋದ್ರು. ಎಲ್ಲಾ ಒಟ್ಟಿಗೆ ಓಡಿಸಿದ್ವಿ. ಒಂದ್ಸಲಾನೂ ಟ್ರಿಪ್ ಆಗಿಲ್ಲ ನೋಡಿ!"

"ಸಂತೋಷ ಸಾರ್."

"ಬೋರ್ಡ್ ಹತ್ರ ಮಾತ್ರ ಏನೋ ಕೆಟ್ಟ ವಾಸನೆ. ಇಲಿ ಸತ್ತಿರಬೇಕು."

"ಮೊದಲು ಮೇನ್ ಆಫ್ ಮಾಡಿ ಸಾರ್. ಈಗ್ಲೇ."

"ಮ್ಯಾಚ್ ನೋಡ್ತಿದ್ದೀವಿ ಕಣ್ರೀ. ಮುಗೀಲಿ ಇರಿ."