ನಾಲ್ಕು ನಂಬರ್, ಹನ್ನೆರಡು ಫಲಕ, ಎರಡೂಮುಕ್ಕಾಲು ಸೆಕೆಂಡ್

ಅಮೆರಿಕದ ಹೆದ್ದಾರಿ ಫಲಕಗಳನ್ನು ಒಂದಕ್ಷರ ಬಿಡದೆ ಓದುವವರು ಆ ದೇಶದಲ್ಲಿ ಒಂದೇ ಪಂಗಡ. ರೋಡ್‌ಗೀಕ್ ಎಂದು ಅವರನ್ನು ಕರೆಯುತ್ತಾರೆ. ಆ ಫಲಕ ತೋರಿಸುವ ಯಾವ ಊರಿನಲ್ಲೂ ಅವರಿಗೆ ಕೆಲಸವಿಲ್ಲ. ಕಾರನ್ನು ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಕ್ಯಾಮೆರಾ ಹೆಗಲಿಗೇರಿಸಿ, ನಡೆದುಕೊಂಡೇ ಬಂದು ಕಂಬದೆದುರು ನಿಲ್ಲುತ್ತಾರೆ. ನಿಜಕ್ಕೂ ಆ ಊರಿಗೆ ಹೋಗಬೇಕಾದ ಬಡಪಾಯಿ ಅಷ್ಟರಲ್ಲಿ ತಪ್ಪು ಲೇನ್ ಹಿಡಿದು, ಹಿಂದಿನವರ ಹಾರ್ನ್ ಕೇಳುತ್ತಾ ಇನ್ನೆಲ್ಲಿಗೋ ಹೊರಟಿರುತ್ತಾನೆ.

ಈ ಪಂಗಡಕ್ಕೆ ಒಂಟಿ ಫಲಕವೆಂದರೆ ಅಷ್ಟಕ್ಕಷ್ಟೆ. ಒಂದು ನಂಬರ್, ಒಂದು ಬಾಣ, ಅದು ಯಾರಿಗಾದರೂ ಅರ್ಥವಾಗುತ್ತದೆ, ಅದರಲ್ಲಿ ನೋಡುವುದೇನಿದೆ? ಒಂದೇ ಮೂಲೆಯಲ್ಲಿ ಐದಾರು ಹೆದ್ದಾರಿಗಳ ನಂಬರ್ ಹೊತ್ತ ಶೀಲ್ಡ್‌ಗಳು ಒಂದರ ಮೈಮೇಲೊಂದು ಬಿದ್ದು, ಬಾಣಗಳು ದಿಕ್ಕಿಗೊಂದರಂತೆ ಚಾಚಿ, ಕಂಬ ಭಾರಕ್ಕೆ ಸ್ವಲ್ಪ ವಾಲಿರಬೇಕು. ಅದಕ್ಕೆ ಅವರು ಪ್ರೀತಿಯಿಂದ ಇಟ್ಟ ಹೆಸರು ಸೈನ್ ಸಲಾಡ್. ವರ್ಜೀನಿಯಾದ ವಿಂಚೆಸ್ಟರ್ ಪೇಟೆ ಇಂಥವರಿಗೆ ಪುಣ್ಯಕ್ಷೇತ್ರ. ಯುಎಸ್ 11, 17, 50, 522 ಎಂಬ ನಾಲ್ಕು ರಾಷ್ಟ್ರೀಯ ನಂಬರುಗಳು, ಸಾಲದೆಂಬಂತೆ ರಾಜ್ಯದ 7, ಎಲ್ಲವೂ ಹಳೇ ಪೇಟೆಯ ಒಮ್ಮುಖ ಬೀದಿಗಳಲ್ಲಿ ನುಗ್ಗಾಡುತ್ತವೆ. ಫ್ಲೋರಿಡಾದ ಪುಂಟಾ ಗೋರ್ಡಾದಿಂದ ಹೊರಟ ಯುಎಸ್ 17 ಇಲ್ಲಿಯ ತನಕ ಬಂದು ಈ ಗದ್ದಲದಲ್ಲೇ ಪ್ರಾಣ ಬಿಡುತ್ತದೆ.

ಈ ರಾಶಿ ಹುಟ್ಟುವ ಬಗೆಯನ್ನು ಬಿಡಿಸಿ ನೋಡೋಣ. ಅಮೆರಿಕದ ಸಂಚಾರ ಫಲಕಗಳಿಗೆಲ್ಲ ಒಂದು ಧರ್ಮಗ್ರಂಥ ಉಂಟು, ಕೇಂದ್ರ ಸರ್ಕಾರದ ಕೈಪಿಡಿ, ಎಂಯುಟಿಸಿಡಿ ಅಂತ. ಮೊದಲ ಆವೃತ್ತಿ 1935ರದು. ಹನ್ನೊಂದನೆಯದು 2023ರ ಡಿಸೆಂಬರ್‌ನಲ್ಲಿ ಬಂತು, ಸಾವಿರ ಪುಟ ದಾಟಿದೆ. ಅದರ ಪ್ರಕಾರ ಒಂದು ಹೆದ್ದಾರಿಗೆ ದಾರಿ ತೋರಿಸಲು ಸಾಮಾನ್ಯವಾಗಿ ಮೂರು ಬಿಡಿ ಫಲಕ ಬೇಕು. ಮೇಲೆ ದಿಕ್ಕು (ಎಂ3 ಸರಣಿ, 24×12 ಇಂಚು), ನಡುವೆ ನಂಬರಿನ ಶೀಲ್ಡ್ (ಎಂ1 ಸರಣಿ, ಎರಡಂಕಿಗೆ 24×24, ಮೂರಂಕಿಗೆ 30×24), ಕೆಳಗೆ ಬಾಣ (ಎಂ6 ಸರಣಿ, 21×15). ಆ ಹೆದ್ದಾರಿ ಬೈಪಾಸೋ, ಪೇಟೆಯೊಳಗೆ ಹೋಗುವ ಬಿಸಿನೆಸ್ ದಾರಿಯೋ, ಟ್ರಕ್ ದಾರಿಯೋ ಆಗಿದ್ದರೆ ನಡುವೆ ಇನ್ನೊಂದು ಪಟ್ಟಿ. ಹೆದ್ದಾರಿ ಇನ್ನೂ ಮುಂದಿದ್ದು ಇದು ಅದರ ಕಡೆಗೆ ಹೋಗುವ ದಾರಿ ಮಾತ್ರ ಆಗಿದ್ದರೆ 'ಟು' ಎಂಬ ಮತ್ತೊಂದು ಪಟ್ಟಿ.

ಈಗ 29, 78, 129, 441 ಎಂಬ ನಾಲ್ಕು ನಂಬರುಗಳನ್ನು ಅಕ್ಕಪಕ್ಕ ನಿಲ್ಲಿಸಿ. ಹನ್ನೆರಡು ಫಲಕ, ಒಂಬತ್ತು ಅಡಿ ಅಗಲ, ಸುಮಾರು 35 ಚದರಡಿ ಅಲ್ಯೂಮಿನಿಯಂ. ಜಾಗ ಸಾಲದೆ ಎರಡು ಸಾಲು ಮಾಡಿದಿರೋ, ಒಂದೊಂದು ಸಾಲೂ ನಾಲ್ಕೂಕಾಲು ಅಡಿ ಎತ್ತರ. ಜನ ಓಡಾಡುವ ಕಡೆ ಫಲಕದ ಕೆಳಅಂಚು ನೆಲದಿಂದ ಏಳಡಿ ಮೇಲಿರಬೇಕೆಂಬ ನಿಯಮ ಬೇರೆ. ಎಲ್ಲ ಕೂಡಿಸಿದರೆ ಹದಿನೈದೂವರೆ ಅಡಿ. ದಾರಿ ಕೇಳಿದವನು ಕತ್ತೆತ್ತಿ ನಕ್ಷತ್ರ ನೋಡಬೇಕು.

ಹಾಗಂತ ಇವನ್ನು ಮನಸ್ಸಿಗೆ ಬಂದಂತೆ ಮೊಳೆ ಹೊಡೆದಿದ್ದಾರೆ ಎಂದುಕೊಳ್ಳಬೇಡಿ. ಎಡಕ್ಕೆ ತಿರುಗುವ ಹೆದ್ದಾರಿಗಳೆಲ್ಲ ಎಡಗಡೆ, ನೇರ ಹೋಗುವವು ನಡುವೆ, ಬಲಕ್ಕೆ ಹೋಗುವವು ಬಲಗಡೆ. ಒಂದೇ ಕಡೆ ಹೋಗುವವರಲ್ಲಿ ಹಿರಿಕಿರಿತನ: ಮೊದಲು ಇಂಟರ್‌ಸ್ಟೇಟ್ (ದೊಡ್ಡ ಎಕ್ಸ್‌ಪ್ರೆಸ್ ಹೆದ್ದಾರಿ, ನಂಬರಿನ ಮುಂದೆ 'ಐ' ಇರುತ್ತದೆ), ಆಮೇಲೆ ಯುಎಸ್, ಆಮೇಲೆ ರಾಜ್ಯ, ಕಟ್ಟಕಡೆಗೆ ಕೌಂಟಿ, ಅಂದರೆ ಅಲ್ಲಿಯ ಜಿಲ್ಲೆ. ನಮ್ಮ ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ ಮೇಲೆ ದೆಹಲಿ ನಾಯಕರು, ಕೆಳಗೆ ಶಾಸಕರು, ಅಡಿಯಲ್ಲಿ ಸ್ಟಾಂಪ್ ಗಾತ್ರದ ವಾರ್ಡ್ ಮುಖಂಡರು ಕೂರುವ ಕ್ರಮವೇ ಇದು. ಹುಟ್ಟುಹಬ್ಬ ಯಾರದೆಂದು ಅಲ್ಲೂ ತಿಳಿಯುವುದಿಲ್ಲ, ತಿರುವು ಎಲ್ಲೆಂದು ಇಲ್ಲೂ ತಿಳಿಯುವುದಿಲ್ಲ.

ಇನ್ನು ಓದುವ ಲೆಕ್ಕ. ಒಂದಿಂಚು ಎತ್ತರದ ಅಕ್ಷರ ಮೂವತ್ತು ಅಡಿ ದೂರದಿಂದ ಓದಲು ಬರಬೇಕು, ಅದೇ ಗ್ರಂಥದ ಮಾತು. ಆರಿಂಚಿನ ಅಕ್ಷರಕ್ಕೆ 180 ಅಡಿ ಆಯಿತು. ಗಂಟೆಗೆ 45 ಮೈಲಿಯಲ್ಲಿ ಬರುವ ಕಾರು ಸೆಕೆಂಡಿಗೆ 66 ಅಡಿ ನುಂಗುತ್ತದೆ. ಅಂದರೆ ಹನ್ನೆರಡು ಫಲಕ ಓದಿ, ನಿಮ್ಮ ನಂಬರ್ ಹುಡುಕಿ, ಅದರ ಬಾಣ ಯಾವುದೆಂದು ಗುರುತಿಸಿ, ಕನ್ನಡಿ ನೋಡಿ, ಲೇನ್ ಬದಲಿಸಲು ಸಿಗುವುದು ಎರಡೂಮುಕ್ಕಾಲು ಸೆಕೆಂಡಿಗೆ ಒಂದು ಗುಲಗಂಜಿ ಕಡಿಮೆ. ನಡುವೆ ಒಮ್ಮೆ ರಸ್ತೆಯನ್ನೂ ನೋಡಿದರೆ ಒಳ್ಳೆಯದು. ಇದು ಗ್ರಂಥಕರ್ತರಿಗೂ ಗೊತ್ತು. ಅದಕ್ಕೇ ದಿಕ್ಕಿನ ಫಲಕದ ಮೊದಲಕ್ಷರವನ್ನು ಉಳಿದವಕ್ಕಿಂತ ಶೇ. 10ರಷ್ಟು ದೊಡ್ಡದು ಮಾಡಲು ಹೇಳಿದ್ದಾರೆ. ಹನ್ನೆರಡು ಫಲಕದ ಕಾಯಿಲೆಗೆ ಶೇ. 10ರ ಔಷಧಿ.

ಇಷ್ಟೊಂದು ನಂಬರ್ ಒಂದೇ ಡಾಂಬರಿನ ಮೇಲೆ ಬಂದಿದ್ದಾದರೂ ಯಾಕೆ? 1926ರ ನವೆಂಬರ್‌ನಲ್ಲಿ ಯುಎಸ್ ಹೆದ್ದಾರಿಗಳಿಗೆ ನಂಬರ್ ಕೊಟ್ಟಾಗ ಲೆಕ್ಕ ಸರಳವಾಗಿತ್ತು: ಬೆಸ ಸಂಖ್ಯೆ ಉತ್ತರ-ದಕ್ಷಿಣ, ಸರಿ ಸಂಖ್ಯೆ ಪೂರ್ವ-ಪಶ್ಚಿಮ. 1956ರ ನಂತರ ಇಂಟರ್‌ಸ್ಟೇಟ್ ಬಂತು. ಎಷ್ಟೋ ಕಡೆ ಹಳೇ ಹೆದ್ದಾರಿಯನ್ನು ಊರಿನ ಪಾಲಿಕೆಗೆ ಒಪ್ಪಿಸಿದರು, ನಂಬರನ್ನು ಮಾತ್ರ ಎತ್ತಿ ಹೊಸ ರಸ್ತೆಯ ಬೆನ್ನಿಗೆ ಕಟ್ಟಿದರು. ಇಂಡಿಯಾನಾಪೊಲಿಸ್ ಸುತ್ತಲಿನ ಐ-465 ವರ್ತುಲ ರಸ್ತೆಯನ್ನು ನೋಡಿ. ಪೇಟೆಯೊಳಗಿಂದ ಹೊರಹಾಕಿದ ಯುಎಸ್ 31, 36, 40, 52, 421 ಎಲ್ಲವೂ ಅದರ ಬೇರೆ ಬೇರೆ ತುಂಡುಗಳ ಮೇಲೆ ಪುಕ್ಕಟೆ ಸವಾರಿ ಮಾಡುತ್ತವೆ, ಐ-74 ಕೂಡ. ಸ್ವಂತಕ್ಕೆ ಅಲ್ಲಿ ಒಂದಡಿ ಡಾಂಬರಿಲ್ಲದ, ಲೆಕ್ಕಪತ್ರದಲ್ಲಷ್ಟೇ ಉಸಿರಾಡುವ ಹೆದ್ದಾರಿಗಳು ಇವು. ನಂಬರ್ ಕಿತ್ತುಹಾಕಿ ಅಂದರೆ ಅದಕ್ಕೊಂದು ಸಮಿತಿ, ಅರ್ಜಿ, ಒಪ್ಪಿಗೆ. ಫಲಕ ಹಾಕುವುದೇ ಸುಲಭ.

ಜಾರ್ಜಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಯುಎಸ್ ಹೆದ್ದಾರಿಗಳಿಗೆ ರಾಜ್ಯದ್ದೂ ಒಂದು ನಂಬರ್ ಇರುತ್ತದೆ, ಎರಡನ್ನೂ ಬೋರ್ಡಿನ ಮೇಲೆ ಮೆರೆಸುತ್ತಾರೆ. ಅಥೆನ್ಸ್ ಊರಿನ ವರ್ತುಲ ರಸ್ತೆಯ ಹೆಸರು ರಾಜ್ಯ 10 ಲೂಪ್. ಮೇಲೆ ಅಳತೆ ಹಾಕಿದ ಯುಎಸ್ 29, 78, 129, 441 ಅದರ ಮೇಲೇ ಹಾದುಹೋಗುತ್ತವೆ, ಜೊತೆಗೆ ರಾಜ್ಯದ 8 ಮತ್ತು 15. ಪಕ್ಕದ ಟೆನೆಸಿಯಲ್ಲೂ ಇಂಥದೇ ಜೋಡಿ ನಂಬರ್ ಪದ್ಧತಿ, ಆದರೆ ರಾಜ್ಯದ ನಂಬರನ್ನು ಗುಟ್ಟಾಗಿಟ್ಟಿದ್ದಾರೆ. ಪಂಗಡದವರು ಅದಕ್ಕೂ ಬಿಡಲಿಲ್ಲ. ಆ ಗುಟ್ಟಿನ ನಂಬರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

(ನಮ್ಮಲ್ಲಿ 2010ರಲ್ಲಿ ಎನ್‌ಎಚ್ 4 ಹೋಗಿ 48 ಆಯಿತು, 7 ಹೋಗಿ 44, 17 ಹೋಗಿ 66. ಜನ ಇವತ್ತಿಗೂ ಹಳೇ ನಂಬರನ್ನೇ ಹೇಳುತ್ತಾರೆ. ನೆಲಮಂಗಲದಿಂದ ಬೆಂಗಳೂರಿಗೆ 48 ಮತ್ತು 75 ಜೊತೆಜೊತೆಯಾಗಿ ಬರುತ್ತವೆಂಬುದು ಟೋಲ್ ಕಟ್ಟುವವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಯಾರೂ ದಾರಿ ತಪ್ಪಿಲ್ಲ.)

ಪಂಗಡದ ಪರಮಾನಂದ ಮಾತ್ರ ನಂಬರುಗಳು ಜಗಳಾಡುವ ಕಡೆ ಇದೆ. ವರ್ಜೀನಿಯಾದ ವಿತ್‌ವಿಲ್ ಬಳಿ ಐ-77 ಮತ್ತು ಐ-81 ಸ್ವಲ್ಪ ದೂರ ಒಂದೇ ರಸ್ತೆ. ಒಂದೇ ಕಾರು, ಒಂದೇ ಲೇನ್, ಒಂದೇ ಕ್ಷಣದಲ್ಲಿ ಐ-81ರ ಉತ್ತರಕ್ಕೂ ಐ-77ರ ದಕ್ಷಿಣಕ್ಕೂ ಹೋಗುತ್ತಿರುತ್ತದೆ. ಯುಎಸ್ 11 ಉತ್ತರದ ಪಕ್ಷ, ಯುಎಸ್ 52 ದಕ್ಷಿಣದ ಪಕ್ಷ. ದಿಕ್ಸೂಚಿಯನ್ನು ಕೇಳಿದರೆ ಹೆಚ್ಚುಕಡಿಮೆ ಪೂರ್ವ ಅನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ಇದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ: ಬರ್ಕ್ಲಿಯ ಪಕ್ಕದಲ್ಲೇ ಐ-80 ಪೂರ್ವ ಎಂದರೂ ಐ-580 ಪಶ್ಚಿಮ ಎಂದರೂ ಒಂದೇ ರಸ್ತೆ, ಕಾರು ಹೋಗುವುದು ಉತ್ತರಕ್ಕೆ. ವಾಸ್ತು ಪಂಡಿತರಿಗೆ ಇದಕ್ಕಿಂತ ಅನುಕೂಲದ ನಿವೇಶನ ಸಿಗಲಾರದು; ದಕ್ಷಿಣ ಒಂದನ್ನು ಬಿಟ್ಟು ಯಾವ ದಿಕ್ಕು ಬೇಕೆಂದರೂ ಬೋರ್ಡಿನದೋ ದಿಕ್ಸೂಚಿಯದೋ ಸಾಕ್ಷಿ ಇದೆ. ನ್ಯೂಜೆರ್ಸಿಯವರು ಇಂಥ ತಾಪತ್ರಯಕ್ಕೆ ಬೇರೆಯದೇ ಉಪಾಯ ಕಂಡುಕೊಂಡರು. ಯುಎಸ್ 1 ಮತ್ತು 9 ಕೂಡಿ ಓಡುವ ಕಡೆ ಎರಡನ್ನೂ ಒಂದೇ ಶೀಲ್ಡಿಗೆ ತುರುಕಿ '1-9' ಎಂದು ಬರೆದುಬಿಟ್ಟರು. ಎಡಿಸನ್‌ನಿಂದ ನ್ಯೂಯಾರ್ಕ್ ಕಡೆ ಹೋಗುವ ನಮ್ಮವರಲ್ಲಿ ಅದನ್ನು ಹತ್ತೊಂಬತ್ತು ಎಂದು ಓದಿಕೊಂಡವರಿದ್ದರೆ ತಪ್ಪು ಅವರದಲ್ಲ.

ಕೆಲಸಗಾರರ ಕಡೆಯ ಕಥೆ ಬೇರೆ. ಅಡ್ಡ ಬಾಣದಲ್ಲಿ ಎಡದ್ದು, ಬಲದ್ದು ಎಂದು ಎರಡು ಜಾತಿಯಿಲ್ಲ. ಅದೇ ಫಲಕವನ್ನು ತಲೆಕೆಳಗು ಮಾಡಿದರೆ ಇತ್ತಲಿನದು ಅತ್ತ. ಸಂಜೆ ನಾಲ್ಕೂವರೆಗೆ, ಲಾರಿಯ ಬಕೆಟ್‌ನಲ್ಲಿ ನಿಂತು, ಎಂಟನೆಯ ಬಾಣಕ್ಕೆ ಬೋಲ್ಟ್ ಹಾಕುವವನು ಯಾವುದನ್ನು ಯಾವ ಕಡೆ ತಿರುಗಿಸಿದ ಎಂಬುದು ಅವನಿಗೂ ದೇವರಿಗೂ ಬಿಟ್ಟದ್ದು. ಮೇಲಿನ ಬೋಲ್ಟ್ ಕಳಚಿದರೆ ನೇರ ಬಾಣ ಕೆಳಗಿನದರ ಮೇಲೆ ತಿರುಗಿ ಪಾತಾಳ ತೋರಿಸುತ್ತದೆ. ವಾಹನ ಗುದ್ದಿದರೆ ಕಂಬ ಮುರಿದು ಬೀಳಬೇಕು, ಒಳಗಿದ್ದವರು ಬದುಕಬೇಕು ಎಂಬ ನಿಯಮ ಇರುವುದರಿಂದ ಸಿಕ್ಕಾಪಟ್ಟೆ ದಪ್ಪ ಕಂಬ ನೆಡುವಂತಿಲ್ಲ. ತೆಳು ಕಂಬಕ್ಕೆ 35 ಚದರಡಿ ಗಾಳಿಪಟ ಕಟ್ಟಿದರೆ ಮೊದಲ ಬಿರುಗಾಳಿಗೇ ಇಡೀ ಬಳಗ ಪಕ್ಕದ ಬೀದಿಗೆ ಮುಖ ತಿರುಗಿಸುತ್ತದೆ. ಹಾಗಾಗಿ ಎರಡು ಕಂಬ, ಕೆಲವು ಕಡೆ ಮೂರು, ನಡುವೆ ಅಡ್ಡಪಟ್ಟಿ. ಆಮೇಲೆ ಒಂದು ಶೀಲ್ಡ್ ಕಳುವಾಗುತ್ತದೆ. ಇದು ತಮಾಷೆಯಲ್ಲ: 420 ಅಲ್ಲಿ ಗಾಂಜಾಪ್ರಿಯರ ಸಂಕೇತ ಸಂಖ್ಯೆ, ಕೊಲರಾಡೊದವರು ಐ-70ರ 420ನೇ ಮೈಲಿಗಲ್ಲಿನ ಫಲಕ ಕದಿಯುವವರ ಕಾಟ ತಾಳಲಾರದೆ ಅದನ್ನು 419.99 ಮಾಡಿದರು. ಸೈತಾನನ ಸಂಖ್ಯೆ ಹೊತ್ತ ಯುಎಸ್ 666ರ ಫಲಕಗಳೂ ಇದೇ ಹಾದಿ ಹಿಡಿದಿದ್ದವು. 2003ರಲ್ಲಿ ಆ ಹೆದ್ದಾರಿ 491 ಆಯಿತು.

ಈ ಒಂದೊಂದು ತಪ್ಪೂ ಪಂಗಡಕ್ಕೆ ಪ್ರಸಾದ. ರಾಜ್ಯದ ವೃತ್ತದೊಳಗೆ ಇರಬೇಕಾದ ನಂಬರ್ ಯುಎಸ್ ಶೀಲ್ಡಿನೊಳಗೆ ಕೂತಿದ್ದರೆ ಅದನ್ನು ನೋಡಲು ಇನ್ನೂರು ಮೈಲಿ ಬಂದಾರು. ಸರಿಪಡಿಸಿ ಎಂದು ಇಲಾಖೆಗೆ ಬರೆಯುವ ಮೊದಲು ಫೋಟೊ, ಬರೆಯುವುದು ಆಮೇಲೆ, ಬಹಳ ಸಲ ಬರೆಯುವುದೇ ಇಲ್ಲ. ಅಕ್ಷರಶೈಲಿಯಲ್ಲಂತೂ ಅವರು ಪಕ್ಕಾ ಮಡಿವಂತರು. ಕ್ಲಿಯರ್‌ವ್ಯೂ ಎಂಬ ಫಾಂಟಿಗೆ ಸರ್ಕಾರ 2004ರಲ್ಲಿ ತಾತ್ಕಾಲಿಕ ಒಪ್ಪಿಗೆ ಕೊಟ್ಟು, 2016ರಲ್ಲಿ ಕಿತ್ತುಕೊಂಡು, 2018ರಲ್ಲಿ ಮತ್ತೆ ಕೊಟ್ಟಿತು. ಅದೂ ಗಾಢ ಹಿನ್ನೆಲೆಯ ಮೇಲಿನ ಬಿಳಿ ಅಕ್ಷರಕ್ಕೆ ಮಾತ್ರ. ಬಿಳಿ ಶೀಲ್ಡಿನ ಕಪ್ಪು ಅಂಕಿಗೆ ಯಾರೋ ಗುತ್ತಿಗೆದಾರ ಅದನ್ನು ಬಳಸಿದ್ದರೆ ಪಂಗಡದಲ್ಲಿ ಮೂರು ದಿನ ಸೂತಕ. ಬಾಣ ತಪ್ಪು ದಿಕ್ಕಿಗಿದ್ದರೆ ಮಾತ್ರ ಯಾರಿಗೂ ಸೂತಕವಿಲ್ಲ.

ಫೋಟೊಕ್ಕೂ ಶಾಸ್ತ್ರ ಇದೆ. ಸೂರ್ಯ ಬೆನ್ನ ಹಿಂದಿರಬೇಕು. ಫ್ಲ್ಯಾಶ್ ಕಡ್ಡಾಯವಾಗಿ ಬಂದ್, ಏಕೆಂದರೆ ಫಲಕದ ಮೇಲಿನ ಹಾಳೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಹನ್ನೆರಡು ಫಲಕದ ಬದಲು ಹನ್ನೆರಡು ಬಿಳಿ ಚೌಕ ಸಿಗುತ್ತವೆ. ಕಾರು ಅಡ್ಡ ಬಂದರೆ ಹಾಳು. ಅಂದರೆ, ಆ ಫಲಕ ಯಾರಿಗಾಗಿ ಇದೆಯೋ ಅವರು ಚೌಕಟ್ಟಿನಿಂದ ಹೊರಗೆ.

ಕೆಲಸಕ್ಕೆ ಬರುವ ಅಭಿಮಾನಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲಾಸ್ ಏಂಜಲೀಸ್‌ನ 110 ಫ್ರೀವೇಯ ತಲೆಮೇಲಿನ ಬೋರ್ಡಿನಲ್ಲಿ ಐ-5 ಉತ್ತರಕ್ಕೆ ತಿರುವಿದೆ ಎಂಬ ಸುಳಿವೇ ಇರಲಿಲ್ಲ. ರಿಚರ್ಡ್ ಆಂಕ್ರಮ್ ಎಂಬ ಕಲಾವಿದರು ಸರ್ಕಾರಿ ಅಳತೆಗೇ ಶೀಲ್ಡ್ ತಯಾರಿಸಿ, 2001ರ ಆಗಸ್ಟ್‌ನಲ್ಲಿ ಹೆಲ್ಮೆಟ್ಟು, ಕಿತ್ತಳೆ ಜಾಕೆಟ್ಟು ತೊಟ್ಟು ಹಾಡಹಗಲೇ ಏಣಿ ಹತ್ತಿ ಅಂಟಿಸಿ ಬಂದರು. ಇಲಾಖೆಗೆ ವಿಷಯ ತಿಳಿದದ್ದು ತಿಂಗಳುಗಳ ಮೇಲೆ, ಅದೂ ಪತ್ರಿಕೆ ಓದಿ. ಬಂದು ನೋಡಿದರು, ಲೋಪ ಸಿಗಲಿಲ್ಲ, 2009ರಲ್ಲಿ ಬೋರ್ಡ್ ಬದಲಾಯಿಸುವ ತನಕ ಹಾಗೇ ಬಿಟ್ಟರು. ಒಂದು ಸಂಖ್ಯೆ, ಒಂದು ದಿಕ್ಕು, ಅಷ್ಟೆ. ಸಲಾಡ್ ಪ್ರಿಯರ ಲೆಕ್ಕದಲ್ಲಿ ತೀರಾ ಸಪ್ಪೆ.

ಗ್ರಂಥದೊಳಗೇ ಒಂದು ಪರಿಹಾರವೂ ಉಂಟು: ಬಿಡಿ ಫಲಕಗಳನ್ನೆಲ್ಲ ಕಿತ್ತು ಒಂದೇ ದೊಡ್ಡ ಹಸಿರು ಹಲಗೆಯ ಮೇಲೆ ಎಲ್ಲ ಶೀಲ್ಡ್‌ಗಳನ್ನು ಬಾಣದ ಸಮೇತ ಜೋಡಿಸುವುದು. ಓದಲು ಸುಲಭ, ಬೋಲ್ಟ್ ಕಡಿಮೆ, ತಲೆಕೆಳಗಾಗುವ ಬಾಣವೂ ಇಲ್ಲ. ಹಾಗೆ ಮಾಡಿದ ಮೂಲೆಗೆ ಪಂಗಡದವರು ಹಳೇ ಫೋಟೊ ಹಿಡಿದು ಬಂದು, 'ಎಂಥಾ ರಾಶಿ ಇತ್ತು ಸ್ವಾಮಿ ಇಲ್ಲಿ' ಎಂದು ನಿಟ್ಟುಸಿರಿಡುತ್ತಾರೆ. ಹಲಗೆಯ ಹಿಂಬದಿಗೆ ಹೋಗಿ ಬರೀ ಅಲ್ಯೂಮಿನಿಯಂ ಮೇಲಿನ ತಾರೀಖಿನ ಚೀಟಿಯನ್ನೂ ಒಂದು ಫೋಟೊ ತೆಗೆದುಕೊಳ್ಳುತ್ತಾರೆ, ಯಾವ ತಿಂಗಳು ಈ ಅನ್ಯಾಯ ನಡೆಯಿತೆಂದು ದಾಖಲೆಗಿರಲಿ ಅಂತ.